ಬಾನುಬಿಯ ಮೂಲೆ

ಒಂದೇ ಒಂದು ಲೈಸೆನ್ಸು ಆರಿಸಲು ದಾನೇಶ್ವರಿ ಮೂರು ದಿನ ತಲೆ ಕೆಡಿಸಿಕೊಂಡಳು. ಮಕ್ಕಳಿಗೆ ಅಕ್ಷರ ಕಲಿಸುವ ಉಚಿತ ಆ್ಯಪ್ ಒಂದನ್ನು ವಿಜಯಪುರದ ನಾಲ್ವರು ಗೆಳೆಯರು ಬಿಡುವಿನಲ್ಲಿ ಕಟ್ಟಿದ್ದರು. ಚಿತ್ರಗಳ ಹೊಣೆ ಇವಳದು. ತನ್ನೂರು ಕಾಖಂಡಕಿಯ ಮನೆಯಲ್ಲಿದ್ದ, ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿಯ ಮೇಲಿದ್ದ ಎತ್ತು, ಮೀನು, ಗಿಳಿಗಳನ್ನೇ ಫೋಟೊ ತೆಗೆದು, ತಿದ್ದಿ ಹಾಕಿದ್ದಳು. ಪ್ರೋಗ್ರಾಮಿನ ಲೈಸೆನ್ಸು, ಅಂದರೆ ಮಂದಿ ಅದನ್ನು ಹೇಗೆ ಬಳಸಬಹುದೆಂಬ ಕರಾರು, ಚಿತ್ರಗಳಿಗೆ ಒಗ್ಗುವುದಿಲ್ಲ, ಬೇರೆಯದು ಆರಿಸು ಎಂದು ಜೊತೆಗಾರ ಸುಶೀಲೇಂದ್ರ ಹೇಳಿದ್ದ.

ಯಾವ ಷರತ್ತೂ ಇಲ್ಲದ್ದೊಂದಿತ್ತು, ಆದರೆ ಅದರಲ್ಲಿ ಹೆಸರು ಉಳಿಸಬೇಕೆಂಬ ಕಟ್ಟಳೆ ಇರಲಿಲ್ಲ. ಜನ್ಮವೆಲ್ಲ ಮಂದಿ ಮನೆಗೆ ಕೌದಿ ಹೊಲಿದುಕೊಟ್ಟ ಅವ್ವ ಹುಲಿಗೆವ್ವನ ಹೆಸರು ಇಲ್ಲಿಯಾದರೂ ಇರಲಿ ಎಂದು ಇವಳಿಗೆ ಹಟ. ಯಾರಾದರೂ ಬಳಸಲಿ, ತಿದ್ದಲಿ, ಮಾರಲಿ, ಹೆಸರು ಮಾತ್ರ ಬಿಡಬಾರದು ಎನ್ನುವುದನ್ನು ಆರಿಸಿದಳು. ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯುವಂತಿಲ್ಲ ಎಂದೂ ಅದರಲ್ಲಿತ್ತು. ಚಿತ್ರಗಳು ನಿಮ್ಮವೇ ತಾನೆ ಎಂದು ಕೇಳಿದ ಕಡೆ ಮಾತ್ರ ಜಾಣೆ ಕಣ್ಣುಮುಚ್ಚಿ ಹೌದು ಒತ್ತಿದಳು.

ತಿಂಗಳು ಕಳೆದ ಮೇಲೆ ಊರಿಗೆ ಹೋಗಿ ಅವ್ವನಿಗೆ ಹೆಸರು ಓದಿ ತೋರಿಸಿದಳು. ಹುಲಿಗೆವ್ವನ ಮುಖ ಅರಳಲಿಲ್ಲ.

"ಎತ್ತು, ಮೀನು ನನ್ನವು. ಗಿಳಿ ಬಾನುಬಿದು," ಎಂದಳು.

ದೊಡ್ಡ ಕೌದಿಗೆ ನಾಲ್ವರು ಹೆಂಗಸರು ನಾಲ್ಕು ಮೂಲೆ ಹಿಡಿದು ಕೂತು ನಡುವಿನ ಕಡೆಗೆ ಹೊಲಿಯುವುದು ಆ ಓಣಿಯ ರೂಢಿ. ಅವರವರ ಮೂಲೆ ಅವರವರದು. ಅದೇ ಕೌದಿ ಹೊದ್ದು ಬೆಳೆದವಳಿಗೆ ಇದು ನೆನಪಾಗಲಿಲ್ಲ, ನೋಡಿ. ಗಿಳಿ ಆಗಲೇ ಯಾವುದೋ ಊರಿನ ಮಕ್ಕಳ ಪುಸ್ತಕದಲ್ಲಿ ಹುಲಿಗೆವ್ವನ ಹೆಸರು ಹೊತ್ತು ಕೂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನನ್ನು ಎತ್ತಿ ಆಡಿಸಿದ ಬಾನುಬಿಯ ಬಾಯಲ್ಲಿ ಇನ್ನು ತಾನು ಕಳ್ಳಿಯಾಗುತ್ತೇನೆಂದು ದಾನೇಶ್ವರಿಗೆ ಹೆದರಿಕೆಯಾಯಿತು.

ಎರಡು ಮನೆ ಆಚೆ ಬಾನುಬಿ ಜೋಳ ಹಸನು ಮಾಡುತ್ತಿದ್ದಳು. ದಾನೇಶ್ವರಿ ಎಲ್ಲವನ್ನೂ ಹೇಳಿ, ಹೆಸರು ಇವತ್ತೇ ಸೇರಿಸುತ್ತೇನೆಂದು ಮಾತು ಕೊಟ್ಟು, ಕಡೆಗೆ ಒಪ್ಪಿಗೆ ಕೇಳಿದಳು. ಬಾನುಬಿ ಫೋನನ್ನು ಕಣ್ಣ ಹತ್ತಿರ ಹಿಡಿದು ಗಿಳಿಯನ್ನು ಬಹಳ ಹೊತ್ತು ನೋಡಿದಳು.

"ನಾ ಬ್ಯಾಡ ಅಂದ್ರ ತಗಿತಿ ಏನವಾ?"

ನಮ್ಮ ಆ್ಯಪಿನಿಂದ ತೆಗೆಯಬಹುದು, ಮಂದಿ ಕೈಗೆ ಹೋದದ್ದು ಬರುವುದಿಲ್ಲ ಎಂದು ದಾನೇಶ್ವರಿ ನೆಲ ನೋಡುತ್ತ ಹೇಳಿದಳು.

"ಹಂಗಾರ ನೀ ಕೇಳಾಕ ಬಂದಿಲ್ಲ ಬೇ, ಹೇಳಾಕ ಬಂದಿ," ಎಂದು ಬಾನುಬಿ ಫೋನು ಕೊಟ್ಟು ಮೊರ ಎತ್ತಿಕೊಂಡಳು.