ಅರ್ಧ ಪಾವ್ ಕೂಸು, ಒಂಬತ್ತು ಕಿಲೋ ಭಾರ

ಅಂಬುಬಾಯಿ ಸೊಸೆಗೆ ಎರಡು ತಾಟು ಬಡಿಸುತ್ತಿದ್ದಳು. ಒಂದು ಅನುರಾಧಾಳದು, ಇನ್ನೊಂದು ಹೊಟ್ಟೆಯೊಳಗಿನ ಕೂಸಿನದು. ಎರಡೂ ಖಾಲಿ ಆಗೋವರೆಗೆ ಎದುರಿಗೇ ಕುಂತಿರುತ್ತಿದ್ದಳು. ಮುಂಜಾನೆ ತುಪ್ಪ, ಸಕ್ಕರೆ, ಚಪಾತಿ. ಮಧ್ಯಾಹ್ನ ಅನ್ನದ ಗುಡ್ಡೆ. ನಡುನಡುವೆ ಅಂಟಿನ ಉಂಡಿ. ಬಾಣಂತಿಗೆ ಕೊಡೋ ಉಂಡಿ ಅದು, ಈಕೆ ಎರಡನೇ ತಿಂಗಳಿಂದಲೇ ಶುರು ಹಚ್ಚಿದ್ದಳು. ಮಗ ಧಮ್ಮಪಾಲ ಗೌಂಡಿ ಕೆಲಸ ಮುಗಿಸಿ ಬರುವಾಗ ನರೋಣಾ ಬಸ್‌ಸ್ಟ್ಯಾಂಡಿನಿಂದ ಜಿಲೇಬಿ ತರಲೇಬೇಕು. ಸೊಸೆ ಕಸ ಹೊಡೆಯಲು ಬಾಗಿದರೆ ಕಸಬರಿಗೆ ಕಸಿದುಕೊಂಡು, "ಮಲ್ಕೋ ಹೋಗು ಬೇ" ಅನ್ನುತ್ತಿದ್ದಳು. ಓಣಿಯ ಹೆಂಗಸರು ಅನುರಾಧಾಳ ಗಲ್ಲ ಹಿಡಿದು, ಎಷ್ಟು ಮೈ ತುಂಬಿಕೊಂಡಿದ್ದೀಯವ್ವ, ಇಂಥ ಅತ್ತೆ ಯಾರಿಗೆ ಸಿಗಬೇಕು ಅಂತ ಹೊಗಳಿ ಹೋಗುತ್ತಿದ್ದರು. ನಿನಗೆ ಹೆಂಗನಿಸುತ್ತದೆ ಅಂತ ಅವಳನ್ನು ಒಬ್ಬರೂ ಕೇಳಲಿಲ್ಲ.

ನಾಲ್ಕನೇ ತಿಂಗಳಲ್ಲಿ ಅದೇ ಓಣಿಯ ಆಶಾ ಕಾರ್ಯಕರ್ತೆ ಮಹಾನಂದಾ ಅತ್ತೆ-ಸೊಸೆಯನ್ನು ಆರೋಗ್ಯ ಉಪಕೇಂದ್ರಕ್ಕೆ ಕರೆದೊಯ್ದಳು. ಅನುರಾಧಾಳನ್ನು ತೂಕದ ಮಷಿನ್ ಮೇಲೆ ನಿಲ್ಲಿಸಿದಳು. ಅರವತ್ಮೂರು ಕಿಲೋ. ತಾಯಿ ಕಾರ್ಡ್ ತಿರುವಿದಳು. ಮೊದಲ ಸಲ ಬರೆದದ್ದು ಐವತ್ನಾಲ್ಕು. ಅಂಬುಬಾಯಿಯ ಮುಖ ಅರಳಿತು. ಮಹಾನಂದಾ ನಗಲಿಲ್ಲ.

"ಕಾಕು, ಈಗ ಹೊಟ್ಟ್ಯಾಗಿನ ಕೂಸು ಎಷ್ಟು ತೂಕ ಇರಬಹುದು, ಅಂದಾಜು ಹೇಳ್ರಿ."

"ನಾಕೈದು ಕಿಲೋ ಆದ್ರೂ ಇರ್ಬೇಕು."

"ಅರ್ಧ ಪಾವ್ ಕಿಲೋ, ಅಂದ್ರ ನೂರಿಪ್ಪತ್ತೈದು ಗ್ರಾಂ. ಒಂದು ಉಳ್ಳಾಗಡ್ಡಿಯಷ್ಟು. ನೀರು, ರಕ್ತ ಎಲ್ಲಾ ಕೂಡಿಸಿದ್ರೂ ಎರಡು ಕಿಲೋ. ಉಳಿದ ಏಳು ಕಿಲೋ ಯಾರ ಮೈಮ್ಯಾಲ ಕುಂತದ ಹೇಳ್ರಿ?"

ಅಂಬುಬಾಯಿ ಸಿಡಿದೆದ್ದಳು. "ಉಪಾಸ ಅಂದ್ರೇನು ನಿನಗ ಗೊತ್ತಿಲ್ಲ ಬೇ."

ಅಂಬುಬಾಯಿಗೆ ಗೊತ್ತಿತ್ತು. ಚೊಚ್ಚಲ ಬಸಿರಲ್ಲಿ ಎಂಟು ತಿಂಗಳವರೆಗೂ ಮಂದಿ ಹೊಲದಲ್ಲಿ ಜೋಳ ಕೊಯ್ದವಳು ಆಕೆ. ಹೊಲದವರು ಉಂಡು ಉಳಿದರೆ ಒಂದು ರೊಟ್ಟಿ, ಮೇಲೊಂದು ಚಿಟಿಕೆ ಖಾರ. ಹುಟ್ಟಿದ ಕೂಸು ಅಂಗೈಯಷ್ಟಿತ್ತು, ಮೂರನೇ ದಿನ ಹೋಯಿತು. ಹಣೆಬರಹ ಅಂದರು ಜನ. ಎಂಥ ಹಣೆಬರಹ? ರೊಟ್ಟಿ ಇತ್ತು, ಕೊಡಲಿಲ್ಲ, ಅಷ್ಟೇ. ತನ್ನ ಮನೆಯ ಬಸುರಿ ಹಸಿದಿರಬಾರದು ಅಂತ ಆಕೆ ಅವತ್ತೇ ಗಟ್ಟಿ ಮಾಡಿಕೊಂಡಿದ್ದಳು.

ಓಣಿಗೆಲ್ಲ ಗೊತ್ತಿದ್ದ ಸಂಗತಿ ಅದು. ಮಹಾನಂದಾ ಆಕೆಯ ಕೈ ಹಿಡಿದು ಬೆಂಚಿನ ಮೇಲೆ ಕೂಡಿಸಿದಳು. "ಕಾಕು, ಹಸಿವಿ ನಿಮ್ಮ ಕೂಸು ತಿಂತು. ಅದಕ್ಕ ಯಾರೂ ಜವಾಬು ಕೊಡಲಿಲ್ಲ, ಖರೇ. ಆದ್ರ ಈಕಿಗಿ ಉಪಾಸ ಇರು ಅಂತ ನಾ ಅನ್ನಾಕತ್ತಿಲ್ಲ."

ಮೊದಲ ಮೂರು ತಿಂಗಳಿಗೆ ಒಂದೆರಡು ಕಿಲೋ ಏರಿದರೆ ಸಾಕು ಅಂತ ಬಿಡಿಸಿ ಹೇಳಿದಳು. ಶುರುವಿನಲ್ಲೇ ಇಷ್ಟು ಏರಿದರೆ ಬಸಿರಲ್ಲಿ ಶುಗರ್, ಬಿಪಿ ಬರುವ ಭಯ ಹೆಚ್ಚು. ಕೂಸು ಅತಿ ದಪ್ಪ ಬೆಳೆದರೆ ಹೆರಿಗೆ ಕಷ್ಟ, ಆಪರೇಷನ್ನೂ ಆಗಬಹುದು. ಅಂಬುಬಾಯಿ ನಂಬಲಿಲ್ಲ. ಇವೆಲ್ಲ ಬುಕ್ಕಿನ ಮಾತು ಅಂತ ಎದ್ದು ನಿಂತಳು.

ಆಗ ಅನುರಾಧಾ ಬಾಯಿ ಬಿಟ್ಟಳು. "ಅತ್ತಿ, ನನಗ ಒಂದೇ ತಾಟಿಗಿ ಹೊಟ್ಟಿ ತುಂಬ್ತದ್ರಿ. ನಿಮ್ಮ ಮಾರಿ ನೋಡಿ ಎರಡನೇದು ತಿಂತೇನಿ. ಆಮ್ಯಾಲ ಉಸಿರು ಹಿಡದಂಗ ಆಗ್ತದ. ಹೇಳಾಕ ಅಂಜಿಕಿ."

ಎದ್ದು ನಿಂತಿದ್ದ ಅಂಬುಬಾಯಿ ಮತ್ತೆ ಕುಂತಳು; ನಾಳೆ ಶುಗರ್ ಪರೀಕ್ಷೆಗೆ ಬರ್ರಿ ಅಂದ ಮಹಾನಂದಾಳ ಮಾತಿಗೆ ತಲೆಯಾಡಿಸಿದಳು.

ಮರುದಿನ ದವಾಖಾನೆಯಲ್ಲಿ ಅನುರಾಧಾಳಿಗೆ ಗ್ಲೂಕೋಸ್ ನೀರು ಕುಡಿಸಿ, ಎರಡು ತಾಸು ಬಿಟ್ಟು ರಕ್ತ ತೆಗೆದರು. ಅಷ್ಟು ಹೊತ್ತೂ ಅಂಬುಬಾಯಿ ಪಡಸಾಲೆಯಲ್ಲಿ ಸೆರಗಿನ ತುದಿ ಹಿಂಡುತ್ತ ಕುಂತಳು. ಶುಗರ್ ಗೆರೆ ದಾಟಿರಲಿಲ್ಲ, ಆದರೆ ಗೆರೆಯ ಹತ್ತಿರಕ್ಕೆ ಬಂದಿತ್ತು. ತೂಕ ಇಳಿಸಲು ಹೋಗಬೇಡಿ, ಊಟ ಬಿಡಿಸಬೇಡಿ, ಏರೋ ವೇಗ ತಡೆಯಿರಿ ಅಂದರು ಡಾಕ್ಟರು. ಬೇರೆ ತೊಂದರೆ ಏನೂ ಇಲ್ಲ, ಮಲಗಿಸಿಡಬೇಡಿ, ನಡೆಯಲಿ ಅಂದರು.

ಅಂದಿನಿಂದ ಒಂದೇ ತಾಟು, ಅದಕ್ಕೆ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ತತ್ತಿ, ಮಜ್ಜಿಗೆ ಬಂದವು. ಧಮ್ಮಪಾಲ ಜಿಲೇಬಿ ಬಿಟ್ಟು ಪೇರಲಹಣ್ಣು ತಂದ. ದಿನಾ ಸಂಜೆ ಅತ್ತೆ-ಸೊಸೆ ಬಸ್‌ಸ್ಟ್ಯಾಂಡಿನ ತನಕ ನಡೆದು ಬರುತ್ತಿದ್ದರು. ಯಾಕವ್ವ ಸೊಸೆ ಸೊರಗಿದಳಲ್ಲ ಅಂದವರಿಗೆ ಅಂಬುಬಾಯಿ, "ನಿನ್ನ ಕಣ್ಣು ತೂಕದ ಮಷಿನ್ ಏನ ಬೇ" ಅಂತ ಬಾಯಿ ಮುಚ್ಚಿಸುತ್ತಿದ್ದಳು.

ಆರನೇ ತಿಂಗಳಲ್ಲಿ ಮತ್ತೆ ಪರೀಕ್ಷೆ. ಶುಗರ್ ಗೆರೆಯ ಕೆಳಗೇ ಇತ್ತು. ಎರಡು ತಿಂಗಳಲ್ಲಿ ಏರಿದ್ದು ಮೂರೇ ಕಿಲೋ. ಕೂಸಿನ ಎದೆಬಡಿತ ಗಟ್ಟಿಯಾಗಿತ್ತು.

ಅಂದು ಊಟಕ್ಕೆ ಕುಂತಾಗ ಅಂಬುಬಾಯಿ ಸೌಟು ಎತ್ತಿದವಳು ತಡೆದಳು.

"ಇನ್ನ ಹಾಕ್ಲೇನು? ಸಾಕಾಗಿದ್ರ ಸಾಕನ್ನು. ಅಂಜಬ್ಯಾಡ."

"ಸಾಕ್ರಿ ಅತ್ತಿ."

ಅಂಬುಬಾಯಿ ಗಡಿಗೆಯ ಬಾಯಿ ಮುಚ್ಚಿದಳು. ಯಾವತ್ತೂ ಎಲ್ಲರಿಗಿಂತ ಕೊನೆಗೆ ಉಣ್ಣುವವಳು, ಅಂದು ತಾನೂ ಒಂದು ರೊಟ್ಟಿ ಹಾಕಿಕೊಂಡು ಸೊಸೆಯ ಪಕ್ಕ ಕುಂತಳು.

ಅವ್ವಂದಿರೇ, ಅತ್ತೆಯಂದಿರೇ, ಗಂಡಂದಿರೇ! ನಿಮ್ಮ ಮನೆಯ ಬಸುರಿಯನ್ನು ತಿಂಗಳಿಗೊಮ್ಮೆ ತೂಕ ಮಾಡಿಸಿ. ತಾಯಿ ಕಾರ್ಡಿನಲ್ಲಿ ಏನು ಬರೆದರು ಅಂತ ಕೇಳಿ ತಿಳಿದುಕೊಳ್ಳಿ. ತೂಕ ಏರದಿದ್ದರೂ ಆಶಾ ಕಾರ್ಯಕರ್ತೆಗೆ ಹೇಳಿ, ದಡಬಡ ಏರಿದರೂ ಹೇಳಿ. ಶುಗರ್ ಪರೀಕ್ಷೆ ತಪ್ಪಿಸಬೇಡಿ. ಉಪವಾಸ ಇಡಬೇಡಿ, ತುರುಕಲೂ ಬೇಡಿ. ಗಲ್ಲ ಹಿಡಿದು ಹೊಗಳಿದ್ದು ಸಾಕು. ಹೊಟ್ಟೆ ಅವಳದು. ಮೊದಲು ಅವಳನ್ನು ಕೇಳಿ.