ಮೊದಲು ಹೇಳುವ ಹೆಸರು

ದೊಡ್ಡಪ್ಪನ ತಾರಸಿಯಲ್ಲಿ ಒಂದೇ ನಿಯಮ: ಚೆಂಡು ಯಾರ ಮಡಿಲಲ್ಲಿದೆಯೋ ಅವರು ಮಾತ್ರ ಮಾತನಾಡಬೇಕು. ನಿಯಮ ಮಾಡಿದ್ದು ದೊಡ್ಡಪ್ಪ. ಮುರಿಯುವುದೂ ಹೆಚ್ಚಾಗಿ ಅವರೇ.

ಪ್ರತಿ ವರ್ಷ ಬಾಸ್ಕೆಟ್‌ಬಾಲ್ ಲೀಗ್ ಶುರುವಾಗುವ ಮೊದಲು ಒಂದು ಶನಿವಾರ ಸಂಜೆ, ಬೆಂಗಳೂರು ಟವರ್ಸ್ ತಂಡದ ಅಭಿಮಾನಿಗಳು ಟಿ. ದಾಸರಹಳ್ಳಿಯ ನಮ್ಮ ಕಟ್ಟಡದ ಮೇಲೆ ಸೇರುತ್ತೇವೆ. ಅಂತಿಮ ತಂಡಕ್ಕೆ ಯಾವ ಹನ್ನೆರಡು ಮಂದಿ ಆಯ್ಕೆಯಾಗುತ್ತಾರೆ, ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತದೆ ಎಂದು ಒಬ್ಬೊಬ್ಬರೂ ಹೇಳಬೇಕು. ಹೇಳುವವರ ಮಡಿಲಿಗೆ ಒಂದು ಹಳೆಯ ಚೆಂಡು ಬರುತ್ತದೆ. ಅದರ ಒರಟೆಲ್ಲ ಸವೆದುಹೋಗಿ ಈಗ ಬೋಳಾಗಿದೆ.

ಅಭಿಮಾನಿಗಳು ಎಂದರೆ ದೊಡ್ಡ ಗುಂಪೇನಲ್ಲ. ದೊಡ್ಡಪ್ಪ ಲಕ್ಕಣ್ಣ, ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಮೂರು ಮಹಡಿ ಕಟ್ಟಿಸಿದವರು. ಎದುರು ಮನೆಯ ಆಶಾರಾಣಿ ಮಿಸ್, ಹೈಸ್ಕೂಲಿನ ಗಣಿತ ಟೀಚರ್. ಮಾಕಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಜಮೀರ್. ಆಮೇಲೆ ನಾನು, ಮಂಜುಶ್ರೀ. ಡಿಗ್ರಿ ಮುಗಿಸಿ ಮನೆಯಲ್ಲಿದ್ದೇನೆ. ಡೈರಿಯಲ್ಲಿ ಪುಟಗಟ್ಟಲೆ ಬರೆಯುವ ನನಗೆ ನಾಲ್ಕು ಜನರೆದುರು ನಾಲ್ಕು ಮಾತು ಬರುವುದಿಲ್ಲ. ತಾರಸಿಯಲ್ಲಿ ಚೆಂಡು ನನ್ನ ಬಳಿಗೆ ಬಂದರೆ ಎರಡೂ ಕೈಯಲ್ಲಿ ಹಿಡಿದು ಪಕ್ಕದವರಿಗೆ ದಾಟಿಸಿಬಿಡುತ್ತೇನೆ. ಅದಕ್ಕೇ ಜಮೀರ್ ನನಗೆ ‘ಪಾಯಿಂಟ್ ಗಾರ್ಡ್’ ಎಂದು ಹೆಸರಿಟ್ಟಿದ್ದಾನೆ. ಕೈಗೆ ಬಂದ ಚೆಂಡನ್ನು ಬೇರೆಯವರಿಗೆ ಹಂಚುವುದೇ ಆಟದಲ್ಲಿ ಆ ಜಾಗದವರ ಕೆಲಸ.

ತಾರಸಿಯಲ್ಲಿ ಇನ್ನೊಂದು ಪದ್ಧತಿಯೂ ಇದೆ. ಅದನ್ನು ಯಾರೂ ಕೂತು ಮಾಡಿದ್ದಲ್ಲ, ತಾನಾಗಿ ಬಂದದ್ದು. ಯಾರೇ ಪಟ್ಟಿ ಹೇಳಲಿ, ಮೊದಲ ಹೆಸರು ಸತೀಶನದು. ಸತೀಶ ನನ್ನ ಅಣ್ಣ. ಮನೆ ಪಕ್ಕದ ಖಾಲಿ ಸೈಟಿನಲ್ಲಿ ದೊಡ್ಡಪ್ಪ ನೆಡಿಸಿದ ಒಂಟಿ ಕಂಬದ ರಿಂಗಿಗೆ ಚೆಂಡು ಹಾಕುತ್ತಾ ಬೆಳೆದು, ಟವರ್ಸ್ ಸೇರಿದವನು. ಹೆಚ್ಚು ಹೊತ್ತು ಬೆಂಚಿನ ಮೇಲೆಯೇ ಕೂತರೂ ನಮ್ಮ ಬೀದಿಯ ಮಟ್ಟಿಗೆ ಟವರ್ಸ್ ಎಂದರೆ ಅವನೇ. ಯಾವುದೇ ಕೆಲಸಕ್ಕೆ ಮುಂಚೆ ಗಣಪತಿಗೆ ಕೈ ಮುಗಿಯುತ್ತಾರಲ್ಲ, ಹಾಗೆ ಮೊದಲು ಅವನ ಹೆಸರು ಹೇಳುತ್ತಾರೆ. ಆಮೇಲೆ ಲೆಕ್ಕ ಶುರು.

ಇದು ಅಣ್ಣನಿಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ಆ ಹೊತ್ತಿಗೆ ಅವನು ತಂಡದ ಕ್ಯಾಂಪಿನಲ್ಲಿರುತ್ತಿದ್ದ. ಈ ವರ್ಷ ಕ್ಯಾಂಪಿಗೆ ಎರಡು ದಿನ ರಜೆ ಸಿಕ್ಕು ಮನೆಗೆ ಬಂದಿದ್ದ. ತಾರಸಿಗೆ ಹತ್ತುವಾಗ ಮೆಟ್ಟಿಲ ತಿರುವಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ.

“ಮಂಜು, ಯಾರ್ಗೂ ಹೇಳ್ಬೇಡ. ಸೋಲದೇವನಹಳ್ಳಿ ಹತ್ರ ಒಂದ್ ಕಾಲೇಜಲ್ಲಿ ಕೋಚ್ ಕೆಲ್ಸ ಇದೆ. ಪರ್ಮನೆಂಟು. ಆದ್ರೆ ಟೀಮ್ ಬಿಡ್ಬೇಕು. ಪ್ರಿನ್ಸಿಪಾಲ್ರು ಇವತ್ತು ರಾತ್ರಿ ಊಟದೊಳಗೆ ಹೂಂ ಅಥವಾ ಊಹೂಂ ಹೇಳು ಅಂದಿದಾರೆ. ಇಲ್ದಿದ್ರೆ ಇನ್ನೊಬ್ರನ್ನ ತಗೋತಾರಂತೆ.”

“ಟೀಮ್ ಲಿಸ್ಟು ಯಾವಾಗ?”

“ಮಂಗಳವಾರ. ಅದೇ ತೊಂದ್ರೆ. ಹೊಸ ಕೋಚ್ ಮನಸಲ್ಲಿ ಏನಿದೆ ಗೊತ್ತಾಗ್ತಿಲ್ಲ ಕಣೇ. ಇವ್ರೆಲ್ಲಾ ಇಷ್ಟು ವರ್ಷದಿಂದ ಆಟ ನೋಡ್ತಾ ಇದಾರೆ. ಏನ್ ಹೇಳ್ತಾರೋ ಕೇಳ್ಕೊಂಡು ಡಿಸೈಡ್ ಮಾಡ್ತೀನಿ.”

“ಅಣ್ಣ, ಅವರು…” ಎಂದೆ. ಅಷ್ಟರಲ್ಲಿ ಮೇಲಿನಿಂದ ದೊಡ್ಡಪ್ಪ, “ಏನ್ರಲಾ, ಮೆಟ್ಲು ಮೇಲೇ ಸಂಸಾರ ಊಡ್ಬುಟ್ರಾ?” ಎಂದು ಕೂಗಿದರು. ಅಣ್ಣ ಹತ್ತಿ ಹೋದ.

ಬಿಸಿಲು ಇಳಿದಿತ್ತು. ತುಮಕೂರು ರಸ್ತೆಯ ಮೇಲೆ ಮೆಟ್ರೋ ಹಾದುಹೋಗುವುದು ನೀರಿನ ಟ್ಯಾಂಕಿನ ಪಕ್ಕದಿಂದ ಕಾಣುತ್ತಿತ್ತು. ದೊಡ್ಡಮ್ಮ ಬೇಯಿಸಿದ ಕಡಲೆಕಾಯಿ ಕಳುಹಿಸಿದ್ದರು. ಅಣ್ಣನನ್ನು ಕಂಡು ಎಲ್ಲರಿಗೂ ಹಬ್ಬ ಬಂದಂತಾಯಿತು. ಜಮೀರ್ ಎದ್ದು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನೇ ಅವನಿಗೆ ಬಿಟ್ಟುಕೊಟ್ಟ.

“ಕೂತ್ಕೋ ಮಚ್ಚಾ. ಈ ಸಲ ಕಪ್ ನಮ್ದೇ.”

“ಚೆಂಡೆಲ್ಲಿದೆ ನೋಡ್ಕೊಂಡ್ ಮಾತಾಡಪ್ಪ,” ಎಂದರು ಆಶಾರಾಣಿ ಮಿಸ್. “ಹೋದ್ ವರ್ಷಾನೂ ಹಿಂಗೇ ಅಂದೆ. ಬಂದಿದ್ದು ಆರನೇ ಸ್ಥಾನ.”

“ಮೂರು ಮ್ಯಾಚು ಒಂದೊಂದೇ ಪಾಯಿಂಟಲ್ಲಿ ಹೋಯ್ತು ಮಿಸ್. ಅದನ್ನೂ ಸೇರಿಸ್ಕೊಳ್ಳಿ.”

“ಸೋತಿದ್ದನ್ನ ಹೆಂಗಪ್ಪ ಸೇರಿಸ್ಕೊಳ್ಳೋದು? ನಿನಗೆ ಲೆಕ್ಕ ಹೇಳ್ಕೊಟ್ಟೋರು ಯಾರೋ?”

“ನೀವೇ ಮಿಸ್.”

ಅದು ನಿಜವಾದ್ದರಿಂದ ಮಿಸ್ ಸುಮ್ಮನೆ ಒಂದು ಕಡಲೆಕಾಯಿ ಸುಲಿದರು.

ಚೆಂಡು ಮೊದಲು ದೊಡ್ಡಪ್ಪನ ಮಡಿಲಿಗೆ ಹೋಯಿತು. ಅವರು ಅದರ ಮೇಲೆ ಎರಡೂ ಕೈಯಿಟ್ಟು, “ನಮ್ ಸತೀಸ,” ಎಂದು ಶುರು ಮಾಡಿದರು. ಅಣ್ಣ ಮುಂದಕ್ಕೆ ಬಾಗಿ ಕೂತ. ದೊಡ್ಡಪ್ಪ ಒಂದೊಂದೇ ಹೆಸರು ಹೇಳುತ್ತಾ ಹೋದರು. ಸೆನೆಗಲ್ ದೇಶದಿಂದ ಬಂದ ರಿಂಗಿನ ಬುಡದಲ್ಲಿ ಆಡುವ ಸೆಂಟರ್ ಆಟಗಾರ ಅವರ ಬಾಯಲ್ಲಿ ‘ಆ ಉದ್ದದೋನು’. ಕೊನೆಗೆ, “ಆಮ್ಯಾಕೆ ನಮ್ ಕ್ಯಾಪ್ಟನ್ನು, ಸಿವರಾಮು,” ಎಂದರು.

“ಲಕ್ಕಣ್ಣೋರೆ, ಶಿವರಾಮ್ ರಿಟೈರ್ ಆಗಿ ವರ್ಷ ಆಯ್ತು!”

“ರಿಟೈರಾದ್ರೆ ಕಾಲಿಲ್ವಾ ಮೇಡಮ್ಮೋರೆ? ಕರುದ್ರೆ ಬತ್ತಾನೆ. ಅವ್ನಿದ್ರೆ ಎರಡ್ನೇ ಸ್ಥಾನ, ಬರ್ಕೊಳಿ.”

ಮಿಸ್ ತಮ್ಮ ಸರದಿಯಲ್ಲಿ, “ಸತೀಶ್,” ಎಂದು ಹೇಳಿ, ಕನ್ನಡಕ ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ಆಮೇಲೆ ಉಳಿದದ್ದನ್ನು ಹೇಳಿದರು. ಹೊಸ ಕೋಚ್ ವೇಗದ ಆಟದವರು. ಸೆಂಟರ್‌ಗೆ ಅಷ್ಟು ಓಡುವುದು ಆಗುವುದಿಲ್ಲ. ಮೊದಲ ನಾಲ್ಕು ಪಂದ್ಯ ಬೇರೆ ಊರುಗಳಲ್ಲಿ. ಆದ್ದರಿಂದ ನಾಲ್ಕನೇ ಸ್ಥಾನ ಎಂಬುದು ಅವರ ವಾದ. ಜಮೀರ್ ಒಪ್ಪಲಿಲ್ಲ.

“ಹೊಸ ಹುಡ್ಗ ಯಶವಂತ್ ಇದಾನಲ್ಲ ಮಿಸ್, ಅವ್ನು ರಿಂಗ್ ಕಡೆ ನೋಡೋದೇ ಇಲ್ಲ, ಚೆಂಡೇ ದಾರಿ ಹುಡ್ಕೊಂಡ್ ಹೋಗತ್ತೆ. ಸತೀಶ್, ಯಶವಂತ್…” ಎಂದು ಅವನೂ ಬೆರಳು ಮಡಿಸದೆ ಗಡಗಡ ಪಟ್ಟಿ ಒಪ್ಪಿಸಿದ. “ಕಪ್ ನಮ್ದೇ. ಆ ಮಾತು ಕ್ರಿಕೆಟ್‌ನೋರದೊಂದೇ ಅಲ್ಲ.”

ನಾನು ಎಲ್ಲರದನ್ನೂ ಎಣಿಸುತ್ತಿದ್ದೆ. ಮಾತನಾಡದೆ ಕೂರುವವರಿಗೆ ಎಣಿಸುವುದಕ್ಕೆ ಬೇಕಾದಷ್ಟು ಹೊತ್ತಿರುತ್ತದೆ. ಮಿಸ್ ಹೇಳಿದ್ದು ಹದಿಮೂರು ಹೆಸರು. ಜಮೀರನೂ ಹದಿಮೂರು. ಕಳೆದ ವರ್ಷವೂ ಹಾಗೆಯೇ. ಅಣ್ಣನ ಹೆಸರು ಅವರ ಹನ್ನೆರಡರ ಹೊರಗಿನದು, ಹೊಸಿಲ ಮೇಲಿನ ಅರಿಶಿನ ಕುಂಕುಮದಂತೆ. ಅದು ಪ್ರೀತಿ. ಅದು ಭವಿಷ್ಯವಲ್ಲ. ಕಳೆದ ವರ್ಷದವರೆಗೆ ಅವನು ಹೇಗೋ ಆಯ್ಕೆಯಾಗುತ್ತಿದ್ದದ್ದರಿಂದ ಆ ವ್ಯತ್ಯಾಸ ಯಾರಿಗೂ ಬೇಕಾಗಿರಲಿಲ್ಲ.

ಅಣ್ಣ ಎಣಿಸಿರಲಿಲ್ಲ. ಮುಖ ಅರಳಿತ್ತು. ನನ್ನ ಕಡೆ ವಾಲಿ, “ನೋಡಿದ್ಯಾ? ಮೂರೂ ಜನ, ಮೊದಲ್ನೇ ಹೆಸ್ರೇ ನಂದು,” ಎಂದು ಪಿಸುಗುಟ್ಟಿದ. ಜೇಬಿನಿಂದ ಫೋನ್ ತೆಗೆದು, ಪರದೆಯನ್ನು ಕೈಯಿಂದ ಮರೆಮಾಡಿ, ‘ಸರ್, ದಯವಿಟ್ಟು ಕ್ಷಮಿಸಿ’ ಎಂದು ಟೈಪ್ ಮಾಡತೊಡಗಿದ.

ಚೆಂಡು ನನ್ನ ಮಡಿಲಿಗೆ ಬಂತು.

“ಪಾಯಿಂಟ್ ಗಾರ್ಡ್, ಪಾಸ್!” ಎಂದು ಜಮೀರ್ ಕೈ ಚಾಚಿದ.

ನಾನು ಕೊಡಲಿಲ್ಲ. ಗಟ್ಟಿಯಾಗಿ ಹಿಡಿದು, ಎದುರಿನ ನೀರಿನ ಟ್ಯಾಂಕನ್ನೇ ನೋಡುತ್ತಾ, “ಯಶವಂತ್,” ಎಂದೆ.

ಜಮೀರ್ ಚಾಚಿದ್ದ ಕೈ ಕೆಳಗಿಳಿಯಿತು. ಅಣ್ಣನ ಹೆಬ್ಬೆರಳು ಫೋನಿನ ಮೇಲೆ ನಿಂತಿತು. ನಾನು ಎರಡನೆಯ ಹೆಸರು ಹೇಳಿದೆ, ಮೂರನೆಯದು ಹೇಳಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳುತ್ತಿತ್ತು. ಪ್ರತಿ ಹೆಸರಿಗೂ ಒಂದು ಬೆರಳು ಮಡಿಸುತ್ತಾ ಹೋದೆ. ಕೊನೆಯ ಹೆಸರು ಹೇಳಿ, “ಹನ್ನೆರಡು ಆಯ್ತು,” ಎಂದೆ.

ಯಾರೂ ಮಾತನಾಡಲಿಲ್ಲ. ಚೆಂಡು ಇನ್ನೂ ನನ್ನ ಬಳಿಯೇ ಇತ್ತು, ಆದರೆ ಸುಮ್ಮನಿದ್ದದ್ದು ಅದಕ್ಕಾಗಿ ಅಲ್ಲ.

ಅಣ್ಣ ಫೋನನ್ನು ಜೇಬಿಗಿಟ್ಟ. ನನ್ನ ಮಡಿಲಿನಿಂದ ಚೆಂಡನ್ನು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

“ಏನವ್ವಾ ಇಂಗ್ ಮಾಡ್ಬುಟ್ಟೆ?” ದೊಡ್ಡಪ್ಪನ ದನಿ ಗದರುವಂತಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಒಂದ್ ಎಸ್ರು ಏಳಿದ್ರೆ ನಿನ್ ಗಂಟೇನ್ ಓಯ್ತಿತ್ತು? ಮನೇ ಉಡ್ಗ ಅಲ್ವಾ?”

“ಬೇರೆಯವ್ರು ಅವ್ನ ಹೆಸ್ರು ಬಿಟ್ಟಿದ್ರೆ ಬೇರೆ ಮಾತು,” ಎಂದ ಜಮೀರ್, ಕಡಲೆಕಾಯಿ ಸಿಪ್ಪೆಗಳನ್ನು ಒಟ್ಟುಮಾಡುತ್ತಾ. “ತಂಗಿ ನೀನು.”

ಕಾಲೇಜಿನ ವಿಷಯ ಹೇಳಿಬಿಡೋಣ ಎನ್ನಿಸಿತು. ಹೇಳಬೇಡ ಎಂದಿದ್ದ. ಕಣ್ಣು ತುಂಬಿ ಬಂತು. ಮಿಸ್ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

“ಜಮೀರ್, ನಿನ್ ಲಿಸ್ಟಲ್ಲಿ ಎಷ್ಟ್ ಹೆಸ್ರಿತ್ತು?”

“ಹನ್ನೆರಡು ಮಿಸ್.”

“ಇನ್ನೊಂದ್ಸಲ ಎಣಿಸು.”

ಅವನು ತುಟಿಯಲ್ಲೇ ಎಣಿಸಿದ. ಮತ್ತೊಮ್ಮೆ ಎಣಿಸಿದ. ತಲೆ ಎತ್ತಲಿಲ್ಲ.

“ನಂದೂ ಅಷ್ಟೇ,” ಎಂದರು ಮಿಸ್ ಮೆಲ್ಲಗೆ. “ಗಣಿತ ಟೀಚರ್ ಅಂತೆ.”

ಕೆಳಗೆ ಸೈಟಿನಲ್ಲಿ ಚೆಂಡು ನೆಲಕ್ಕೆ ಬಡಿಯುವ ಸದ್ದು ಶುರುವಾಯಿತು. ಬಡಿತ, ಬಡಿತ, ಆಮೇಲೆ ಮೌನ, ಆಮೇಲೆ ರಿಂಗಿನ ಕಬ್ಬಿಣದ ಟಣ್. ಮಿಸ್ ನನ್ನ ಬೆನ್ನು ತಟ್ಟಿ, “ಹೋಗು,” ಎಂದರು. ಅಷ್ಟರಲ್ಲೇ ಕೆಳಗಿನಿಂದ ಕೂಗು ಬಂತು.

“ಮಂಜೂ! ಇಳ್ದು ಬಾ!”

ಅಣ್ಣ ಕಂಬದ ಬುಡದಲ್ಲಿ ನಿಂತಿದ್ದ. ಬೀದಿ ದೀಪ ಆಗಷ್ಟೇ ಹತ್ತಿಕೊಂಡಿತ್ತು. ಬೈಯುತ್ತಾನೆ ಎಂದುಕೊಂಡು ದೂರದಲ್ಲೇ ನಿಂತೆ.

“ಯಾಕೆ?” ಎಂದ. ಅಷ್ಟೇ.

“ಎರಡೂ ಪ್ರ್ಯಾಕ್ಟೀಸ್ ಮ್ಯಾಚ್‌ಗೆ ಬಂದಿದ್ದೆ. ಮೇಲ್ಗಡೆ ಕೊನೇ ಸಾಲಲ್ಲಿ ಕೂತಿದ್ದೆ. ಎರಡ್ ಸಲಾನೂ ಮ್ಯಾಚು ಮುಗ್ದೇ ಹೋಯ್ತು ಅನ್ನೋವಾಗ ನಿನ್ನ ಕೋರ್ಟಿಗೆ ಇಳಿಸಿದ್ರು. ಅವ್ರನ್ನ ತಡೆಯೋಕೆ ಹಿಂದಕ್ಕೆ ಓಡೋವಾಗ ನೀನು ಒಂದ್ ಹೆಜ್ಜೆ ತಡ ಆಗ್ತಿದ್ದೆ ಅಣ್ಣ. ಎಲ್ಲಾ ಸಲಾನೂ.”

ಅವನು ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

“ಮಂಡಿ ನೋವು,” ಎಂದ. “ಯಾರ್ಗೂ ಹೇಳಿಲ್ಲ.”

“ನನಗನ್ನಿಸ್ತು.”

“ಮತ್ತೆ ಮೇಲೆ ಅವ್ರೆಲ್ಲಾ? ಅವ್ರ್ಗೆ ಕಾಣ್ಸಲ್ವಾ?”

ನಾನು ಹದಿಮೂರು ಹೆಸರಿನ ಸಂಗತಿ ಹೇಳಿದೆ. ಪದ್ಧತಿ ಹೇಗೆ ಬಂತು, ಯಾಕೆ ಬಂತು, ಎಲ್ಲ. ಅವನು ನಂಬದವನಂತೆ ತಾರಸಿಯ ಕಡೆ ನೋಡಿದ. ಮೇಲೆ ಮೂರು ತಲೆಗಳು ತಟ್ಟನೆ ಹಿಂದಕ್ಕೆ ಸರಿದವು.

“ಎಲ್ರೂ ಹದಿಮೂರಾ?”

“ದೊಡ್ಡಪ್ಪಂದು ಹದಿನಾಲ್ಕು. ಶಿವರಾಮ್ ಸೇರಿ.”

ಅವನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ನಕ್ಕು ಮುಗಿದ ಮೇಲೆ ಮುಖವನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ. ಒರೆಸಿಕೊಂಡದ್ದು ಬೆವರನ್ನೇ ಇರಬಹುದು. ನಾನು ಬೇರೆ ಕಡೆ ನೋಡಿದೆ.

“ಇನ್ನೊಂದು ನೋಡ್ದೆ,” ಎಂದೆ. “ಟೈಮ್‌ಔಟಲ್ಲಿ ನೀನು ಯಶವಂತಂಗೆ ಅಂಗೈ ಮೇಲೆ ಏನೋ ಬರ್ದು ತೋರಿಸ್ತಿದ್ದೆ. ಆಮೇಲೆ ಅವ್ನು ಅದೇ ಥರ ಎಡಗಡೆಯಿಂದ ನುಗ್ಗಿದ. ಚೆಂಡ್ ಒಳಗ್ ಬಿದ್ದಾಗ ಅವ್ನು ಕೋಚ್ ಕಡೆ ನೋಡ್ಲಿಲ್ಲ. ನಿನ್ ಕಡೆ ನೋಡ್ದ.”

ಅಣ್ಣ ಒಂದು ಸಲ ರಿಂಗಿಗೆ ಗುರಿಯಿಟ್ಟ. ಹಾಕಲಿಲ್ಲ. ಚೆಂಡನ್ನು ನನ್ನ ಕೈಗೆ ಕೊಟ್ಟು ಫೋನ್ ತೆಗೆದ. ಅರ್ಧ ಬರೆದಿದ್ದ ಸಂದೇಶವನ್ನು ಅಳಿಸುವುದು ನನಗೆ ಕಾಣಿಸಿತು. ಆಮೇಲೆ ನಾಲ್ಕು ಹೆಜ್ಜೆ ದೂರ ಹೋಗಿ ಫೋನ್ ಮಾಡಿದ.

“ನಮಸ್ಕಾರ ಸರ್, ಸತೀಶ್ ಮಾತಾಡ್ತಿರೋದು… ಹೌದು ಸರ್… ಬರ್ತೀನಿ. ಖಂಡಿತ ಬರ್ತೀನಿ. ನಮ್ ಟೀಮಿಗೆ ನಾಳೆ ನಾನೇ ಹೋಗಿ ಹೇಳ್ತೀನಿ ಸರ್.”

ಮಾತು ಮುಗಿಸಿ ಬಂದು, ಸೈಟಿನ ಅಂಚಿನ ಕಲ್ಲಿನ ಮೇಲೆ ಕೂತ. ನಾನೂ ಪಕ್ಕದಲ್ಲಿ ಕೂತೆ. ಮೆಟ್ರೋ ಒಂದು ಹೋಯಿತು. ಮೇಲಿನಿಂದ ಜಮೀರ್ ಮೆಲ್ಲಗೆ ಇಣುಕಿ, ನಾವಿಬ್ಬರೂ ಕೂತಿರುವುದನ್ನು ಕಂಡು, ಕಡಲೆಕಾಯಿ ಕಾಗದದ ಪೊಟ್ಟಣವನ್ನು ಕೆಳಗೆ ಎಸೆದ. ಅಣ್ಣ ಅದನ್ನು ಕೂತಲ್ಲಿಂದಲೇ ಒಂದೇ ಕೈಯಲ್ಲಿ ಹಿಡಿದ.

ನಾಲ್ಕೈದು ಕಾಯಿ ಸುಲಿದು ತಿಂದ ಮೇಲೆ ಕೇಳಿದ: “ಅಲ್ಲಾ, ನೀನು ಹನ್ನೆರಡು ಹೆಸ್ರು ಹೇಳ್ದೆ ಸರಿ. ಎಷ್ಟನೇ ಸ್ಥಾನ ಅಂತ ಹೇಳ್ಲೇ ಇಲ್ವಲ್ಲ?”

ನನ್ನನ್ನು ಯಾರೂ ಕೇಳಿರಲಿಲ್ಲ. ಚೆಂಡು ಮಡಿಲಲ್ಲೇ ಇತ್ತು.

“ಐದು,” ಎಂದೆ.

“ಐದಾ? ಪ್ಲೇ ಆಫ್‌ಗೂ ಹೋಗಲ್ವಾ? ಥೂ, ತಲೆ ಕೆಟ್ಟಿದ್ಯೇನೇ ನಿಂಗೆ?” ಅಣ್ಣ ಕಲ್ಲಿನಿಂದ ಎದ್ದೇಬಿಟ್ಟ. “ಯಶವಂತ್ ಇದಾನೆ, ಆ ಉದ್ದದೋನಿದಾನೆ. ನಾನಿಲ್ದಿದ್ರೂ ಮೂರು ಬಂದೇ ಬರ್ತೀವಿ… ಬರ್ತಾರೆ, ನೋಡು!”

“ಸೆಂಟರ್ ಓಡಲ್ಲ ಅಣ್ಣ.”

“ಯಾರೇ ಹೇಳಿದ್ದು ಓಡಲ್ಲ ಅಂತ? ನಡಿ, ಮೇಲೆ ನಡಿ. ಮಿಸ್ ಹತ್ರಾನೇ ಕೇಳೋಣ.”

ಮೆಟ್ಟಿಲು ಹತ್ತುವಾಗಲೂ ವಾದಿಸುತ್ತಲೇ ಇದ್ದ. ಚೆಂಡು ನನ್ನ ಕೈಯಲ್ಲಿದ್ದುದರಿಂದ ಅವನು ಮಾತನಾಡುವ ಹಾಗೇ ಇರಲಿಲ್ಲ. ಅದನ್ನು ನೆನಪಿಸಿದೆ. ಕೇಳಲಿಲ್ಲ.