ರೊಟ್ಟಿ ಬಡಿಯುವ ಜಾಗ

"ಗ್ರಾನೈಟ್ ಐತ್ರಿ ಅಕ್ಕಾರ, ಆನಿ ನಿಂತರೂ ಒಡ್ಯಾಂಗಿಲ್ಲ," ಎಂದ ಮೌನಪ್ಪ. ಕುಕಟಪಲ್ಲಿಯ ಆ ಹೊಸ ಅಪಾರ್ಟ್‌ಮೆಂಟಿನಲ್ಲಿ ಆಗಲೇ ಇಪ್ಪತ್ತು ಅಡುಗೆಕಟ್ಟೆ ಕೂರಿಸಿದ್ದ ಗೌಂಡಿ ಅವನು, ಸುರಪುರದ ಕಡೆಯವನು.

ಶೈಲಾ ಬಗ್ಗಿ ತನ್ನ ಅಡುಗೆಮನೆಯ ಕಲ್ಲಿನ ಅಡಿ ನೋಡಿದಳು. ಎರಡು ತುದಿಯ ಇಟ್ಟಿಗೆ ಗೋಡೆಗಳ ಮೇಲೆ ಕರಿಯ ಕಲ್ಲನ್ನು ಅಳತೆಗೆಂದು ಸುಮ್ಮನೆ ಇಟ್ಟಿದ್ದರು. ಸಿಮೆಂಟು ಇನ್ನೂ ಬಿದ್ದಿರಲಿಲ್ಲ. ಎರಡು ಗೋಡೆಗಳ ನಡುವೆ, ಕಲ್ಲಿನ ಕೆಳಗೆ, ಆಸರೆಯಿಲ್ಲದ ಐದಡಿ ಬಯಲು. ಹಿಂದಿನ ಬಾಡಿಗೆಮನೆಯಲ್ಲಿದ್ದಾಗ ಎದುರುಮನೆಯ ಶಿವದೇವಿಯ ಕಟ್ಟೆಯೂ ಹೀಗೇ ಇತ್ತು. ಎಂಟೇ ತಿಂಗಳಿಗೆ ಅದರ ನಡುವೆ ಕೂದಲೆಳೆಯಂಥ ಬಿರುಕು ಮೂಡಿದ್ದನ್ನು, ಅದು ವಾರವಾರಕ್ಕೂ ಉದ್ದವಾದದ್ದನ್ನು ಶೈಲಾ ನೋಡುತ್ತಲೇ ಬಂದಿದ್ದಳು. ಶಿವದೇವಿ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದದ್ದು ಅದೇ ಜಾಗದಲ್ಲಿ.

"ನಡುವ ಒಂದು ಗ್ವಾಡಿ ಕಟ್ಟರಿ."

"ಕಟ್ಟಿದ್ರ ದೊಡ್ಡ ಕಪಾಟು ಹಿಡಿಯಾಂಗಿಲ್ಲ," ಎಂದ ಗಂಡ ಕಾಶಿನಾಥ, ಬಾಲಾನಗರದ ಕಾರ್ಖಾನೆಗೆ ಹೊರಡಲು ಬೂಟು ಹಾಕಿಕೊಳ್ಳುತ್ತ. "ಹೈಟೆಕ್ ಸಿಟಿ ಮಂದಿ ಎಲ್ಲಾ ಹಿಂಗ ಮಾಡಿಸ್ಯಾರ. ನಿಂದೊಂದು ಅಂಜಿಕಿ."

"ಅವರು ರೊಟ್ಟಿ ಬಡಿತಾರೇನ್ರಿ?"

ಮೌನಪ್ಪ ನಕ್ಕ. "ಎಲ್ಲಿ ರೊಟ್ಟಿ ಅಕ್ಕಾರ! ಸಾಫ್ಟ್‌ವೇರ್ ಮಂದಿ ಕಟ್ಟಿ ಮ್ಯಾಲ ಪಿಜ್ಜಾ ಡಬ್ಬಿ ಇಡ್ತಾರ."

ಸಿಮೆಂಟು ಒಮ್ಮೆ ಕಚ್ಚಿದರೆ, ಒಡೆಯದೆ ಆ ಕಲ್ಲನ್ನು ಮತ್ತೆ ಎತ್ತಲಾಗದು. ಶೈಲಾ ಅತ್ತೆ ಅಂಬವ್ವನನ್ನು ಕರೆದಳು. "ಅತ್ತೀ, ಇಲ್ಲೇ ಒಂದು ರೊಟ್ಟಿ ಬಡೀರಿ."

ಅಂಬವ್ವ ಹಿಟ್ಟು ನಾದಿ ತಂದು, ಕಲ್ಲಿನ ನಟ್ಟನಡುವೆ ಉಂಡೆಯಿಟ್ಟು ಬಡಿಯತೊಡಗಿದಳು. ಡಬ್, ಡಬ್ ಎಂದು ಖಾಲಿ ಡಬ್ಬಿಯ ಸದ್ದು.

"ಕೆಳಗ ಕೈ ಹಚ್ಚರಿ, ಮೌನಪ್ಪ."

ಅವನು ಕುಕ್ಕರಗಾಲಲ್ಲಿ ಕೂತು ಅಂಗೈ ಹಚ್ಚಿದ. ಪ್ರತಿ ಬಡಿತಕ್ಕೂ ಕಲ್ಲು ನಡುಗಿತು. ಅವನ ನಗೆ ಇಳಿಯಿತು.

"ನಮ್ಮವ್ವ ನೆಲದ ಹಾಸುಗಲ್ಲಿನ ಮ್ಯಾಲ ಬಡಿತಿದ್ಲರಿ. ಅದರ ಕೆಳಗ ಭೂಮಿನ ಇತ್ತು. ಕಟ್ಟಿ ಮಾಡೂವಾಗ ಇದು ನನಗ ಹೊಳೀಲೇ ಇಲ್ಲ."

"ದಿನಾ ಹದಿನೈದು ರೊಟ್ಟಿ ಆಗ್ತಾವಪಾ ನಮ್ಮನ್ಯಾಗ," ಎಂದಳು ಅಂಬವ್ವ.

ಬಾಗಿಲಲ್ಲಿ ಕಾಶಿನಾಥ ಕೇಳಿದ, "ಮತ್ತ ಕಪಾಟು?"

"ಸಣ್ಣವು ಎರಡು ಮಾಡಸ್ರಿ. ಕಲ್ಲು ಎರಡಾಗೂದು ಬ್ಯಾಡ."

ಅವನು ಅಮ್ಮನ ಕೈ ನೋಡಿದ, ಕಲ್ಲನ್ನು ನೋಡಿದ, ತಲೆಯಾಡಿಸಿ ಹೊರಟುಹೋದ. ಮೌನಪ್ಪ ಕಲ್ಲು ಇಳಿಸಿ ಇಟ್ಟಿಗೆ ಕೇಳಿದ. ನಡುಗೋಡೆ ಎದ್ದು, ಕಲ್ಲು ಕೂತು, ಸಂದಿನಲ್ಲಿ ಸಿಮೆಂಟು ತುಂಬುವವರೆಗೆ ಶೈಲಾ ಅಲ್ಲಿಂದ ಕದಲಲಿಲ್ಲ.

ಹತ್ತು ದಿನದ ಮೇಲೆ ಕಟ್ಟೆಯ ಕೆಳಗೆ ಅಂಗೈ ಹಚ್ಚಿ ಅವಳೇ ಕೂತಳು.

"ಬಡೀರಿ ಅತ್ತೀ. ಇನ್ನೂ ಜೋರು."

ಕಲ್ಲು ಮಿಸುಕಲಿಲ್ಲ.